ಸೀಳಿದ ಕೊಳವೆ ಎಷ್ಟು ತಾಳೀತು: ಶ್ರೀಶೈಲ ಕೊಟ್ಯಾಳರ ಶೋಧ

ಒಡೆದದ್ದನ್ನು ಬದಲಿಸಿರೆಂದು ಹೇಳುವವರು ಯಂತ್ರಶಾಸ್ತ್ರದಲ್ಲಿ ಬಹಳ ಮಂದಿ. ಒಡೆದದ್ದು ಇನ್ನೆಷ್ಟು ಭಾರ ತಾಳೀತೆಂದು ಅಳೆದು ಹೇಳಬಲ್ಲವರು ವಿರಳ. ವಿಜಾಪುರದ ತಾಂತ್ರಿಕ ವಿದ್ಯಾಲಯದಲ್ಲಿ ಮೂವತ್ತು ವರ್ಷ ಬೋಧಿಸಿ, ಈ 1979ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಶೈಲ ಕೊಟ್ಯಾಳರು ಅಂಥ ವಿರಳರಲ್ಲಿ ಒಬ್ಬರು.

ಜೈನಾಪುರದ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವರು ಕೆಲಸಕ್ಕೆ ಸೇರಿದ್ದು 1949ರಲ್ಲಿ. ಪಾಠ ಹೇಳುವಾಗ ಅವರು ಮೃದು, ಅಳತೆಯ ವಿಷಯದಲ್ಲಿ ನಿಷ್ಠುರ. ಅವರ ಶೋಧ ಶುರುವಾದದ್ದು ಮಾತ್ರ ವಿದ್ಯಾಲಯದಲ್ಲಲ್ಲ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ. 1974ರಲ್ಲಿ ಒಂದು ದಿನ, ವೆಲ್ಡಿಂಗ್ ಅಂಗಡಿಯ ಅಬ್ದುಲಗನಿಯವರ ಹಿತ್ತಿಲಲ್ಲಿ ಹಳೆಯ ಉಕ್ಕಿನ ಪೈಪುಗಳೂ, ಪೈಪು ತಿರುಗುವ ಕಡೆ ಕೂಡಿಸುವ ಬಾಗಿದ ತುಂಡುಗಳಾದ ಬೆಂಡುಗಳೂ ರಾಶಿ ಬಿದ್ದಿದ್ದನ್ನು ಅವರು ಕಂಡರು. ಇವು ಸೀಳಿದ ಮೇಲೂ ಎಷ್ಟು ಭಾರ ಹೊತ್ತಾವು ಎಂಬ ಕುತೂಹಲ ಹುಟ್ಟಿತು. ಹಳಿಯ ತುಂಡುಗಳಿಂದ ಚೌಕಟ್ಟು ಕಟ್ಟಿ, ಲಾರಿಯ ಜಾಕಿಗೆ ಭಾರ ತೋರಿಸುವ ಗೇಜು ಜೋಡಿಸಿ, ಶನಿವಾರಕ್ಕೊಂದರಂತೆ ಬೆಂಡಿನ ಎರಡೂ ತುದಿಗಳನ್ನು ಒಂದರತ್ತ ಒಂದು ಬರುವಂತೆ ಒತ್ತತೊಡಗಿದರು. ಅಕ್ಷರ ಬಾರದ ಅಬ್ದುಲಗನಿಯವರಿಗೆ ಅಂಕಿಗಳನ್ನು ಕಲಿಸಿ, ಗೇಜಿನ ಮುಳ್ಳನ್ನು ಓದುವ ಕೆಲಸವನ್ನು ಅವರಿಗೇ ಒಪ್ಪಿಸಿದರು.

ಬಾಗಿನ ಹೊರಬದಿಯಲ್ಲಿ, ಅಂದರೆ ಬೆನ್ನಿನ ಮೇಲೆ, ಗರಗಸದಿಂದ ಸಣ್ಣಗೆ ಸೀಳಿದ ಬೆಂಡು, ಸೀಳಿಲ್ಲದ ಬೆಂಡಿನಷ್ಟೇ ಭಾರ ತಾಳಿ ಕುಸಿಯಿತು. ಗೇಜು ಕೆಟ್ಟಿರಬೇಕೆಂದು ತೂಕದ ಕಲ್ಲು ಇಟ್ಟು ಪರೀಕ್ಷಿಸಿದರು, ಗೇಜು ಸರಿಯಾಗಿತ್ತು. ಎರಡು ವಾರ ಊಟದ ತಾಟಿನ ಮುಂದೆಯೂ ಅವರಿಗೆ ಅದೇ ಯೋಚನೆ. ಕೊನೆಗೆ ಅರ್ಥವಾಯಿತು: ಬೆಂಡು ಸೋಲುವುದು ತನ್ನ ದುಂಡು ಮೈ ಚಪ್ಪಟೆಯಾಗುವುದರಿಂದ; ಸೀಳು ಒಂದು ಮಿತಿ ದಾಟುವವರೆಗೆ ಆ ಸೋಲಿನಲ್ಲಿ ಸೀಳಿನ ಪಾಲೇ ಇಲ್ಲ. ನೇರ ಪೈಪಿನಲ್ಲಾದರೋ ಸಣ್ಣ ಸೀಳೂ ಭಾರವನ್ನು ತಗ್ಗಿಸುತ್ತಿತ್ತು. ಇಪ್ಪತ್ತಮೂರು ಬೆಂಡುಗಳನ್ನು ಮುರಿದು ಆ ಮಿತಿಯನ್ನು ಅವರು ಗೊತ್ತುಮಾಡಿದರು.

1976ರ ಏಪ್ರಿಲ್‌ನಲ್ಲಿ ಆ ವಿದ್ಯೆಗೆ ಕರೆ ಬಂತು. ಬಬಲೇಶ್ವರದ ಕಡೆಯಿಂದ ತಿಕೋಟಾಕ್ಕೆ ಬರುವ ಕುಡಿಯುವ ನೀರಿನ ಪೈಪಿನಲ್ಲಿ, ಟಾಕಿಯ ಬುಡದ ಬೆಂಡು ಸೀಳಿ ನೀರು ಜಿನುಗುತ್ತಿತ್ತು. ನೆಲ ಕುಸಿದು ಪೈಪು ಆ ಬೆಂಡನ್ನು ಮಡಿಸುವಂತೆ ಒತ್ತುತ್ತಿತ್ತು. ತುಕ್ಕು ತಿಂದ ಗೋಡೆಗೆ ವೆಲ್ಡಿಂಗ್ ಹಿಡಿಯದೆಂದು ಜೊತೆಗೆ ಬಂದಿದ್ದ ಅಬ್ದುಲಗನಿ ಹೇಳಿದರು. ಹೊಸ ಬೆಂಡು ಸೊಲ್ಲಾಪುರದಿಂದ ಬರಲು ಹದಿಮೂರು ದಿನ ಬೇಕಿತ್ತು. ಕೊಟ್ಯಾಳರು ಸೀಳನ್ನು ಅಳೆದರು, ತಮ್ಮ ಮಿತಿಗಿಂತ ಅದು ಚಿಕ್ಕದಿತ್ತು. ಒತ್ತಡ ಅರ್ಧಕ್ಕಿಳಿಸಿ ನೀರು ಬಿಡಬಹುದೆಂದು ನೀರಿನ ಸಮಿತಿಯ ಹಿರಿಯರಾದ ಗುರಲಿಂಗಪ್ಪನವರಿಗೆ ತಿಳಿಸಿದರು.

ಅಲ್ಲಿ ಕೊಡ ತುಂಬುತ್ತಿದ್ದ ರಾಚವ್ವ ಎಂಬ ಹೆಣ್ಣುಮಗಳು ಇದನ್ನೆಲ್ಲ ನೋಡುತ್ತಿದ್ದಳು.

“ಹೊರಗ ನಾಕ ಬಟ್ಟ ಸೀಳೇತಿ ಅಂತೀರಿ,” ಎಂದು ಅವಳು ನಾಲ್ಕು ಬೆರಳು ತೋರಿಸಿದಳು. “ ಒಳಗ ಎಷ್ಟೈತ್ರಿ ಯಪ್ಪಾ?”

“ಒಳಗ ನೋಡಿಲ್ಲವ್ವ,” ಎಂದರು ಕೊಟ್ಯಾಳರು.

ವಿಜಾಪುರದ ಬಸ್ಸಿನಲ್ಲಿ ಕುಳಿತಾಗ ಆ ಮಾತು ಅವರನ್ನು ಬಿಡಲಿಲ್ಲ. ತಾವು ಸೀಳಿದ್ದ ಇಪ್ಪತ್ತಮೂರು ಬೆಂಡುಗಳಲ್ಲೂ ಗರಗಸ ಒಳಗೂ ಹೊರಗೂ ಸಮನಾಗಿ ಕೊಯ್ದಿತ್ತು. ತುಕ್ಕು ಹಾಗಲ್ಲ, ಅದು ಒಳಗಿನಿಂದ ತಿನ್ನುತ್ತದೆ. ಮರುದಿನ ಮೊದಲ ಬಸ್ಸಿಗೇ ತಿಕೋಟಾಕ್ಕೆ ಹೋಗಿ ನೀರು ನಿಲ್ಲಿಸಲು ಹೇಳಿದರು.

ಗುರಲಿಂಗಪ್ಪನವರಿಗೆ ಸಿಟ್ಟು ಬಂತು. “ನಿನ್ನೆ ತಾಳತೈತಿ ಅಂದ್ರಿ, ಇವತ್ತ ತಾಳಂಗಿಲ್ಲ ಅಂತೀರಿ. ಊರಿಗೆ ಏನಂತ ಹೇಳ್ಲಿ?”

“ಕೊಟ್ಯಾಳ ಮಾಸ್ತರಂದು ಲೆಕ್ಕ ತಪ್ಪೇತಿ ಅಂತ ಹೇಳ್ರಿ.”

ಹನ್ನೆರಡು ದಿನ ಚಕ್ಕಡಿಯ ಮೇಲೆ ಪೀಪಾಯಿಗಳಲ್ಲಿ ನೀರು ಬಂತು. ರಜೆ ಹಾಕಿ ದಿನವೂ ತಿಕೋಟಾಕ್ಕೆ ಬಂದ ಕೊಟ್ಯಾಳರು, ಜನ ಮುಖ ತಿರುವಿದರೂ ಪಾಳಿ ಹಚ್ಚಿ ನೀರು ಹಂಚಿಸಿದರು. ಹೊಸ ಬೆಂಡು ಕೂಡಿಸಿದ ಮೇಲೆ ಹಳೆಯದನ್ನು ಅಬ್ದುಲಗನಿಯವರ ಹಿತ್ತಿಲಿಗೆ ತಂದು ಕೊಯ್ದು ನೋಡಿದರೆ, ಒಳಗಿನ ಬಿರುಕು ಅರ್ಧ ಸುತ್ತನ್ನೂ ದಾಟಿತ್ತು. ಕೊಯ್ಯುವ ಮೊದಲೇ ಅವರು ಅದನ್ನು ಜಾಕಿಗೆ ಕೊಟ್ಟಿದ್ದರು. ತಾವು ಹೇಳಿದ್ದ ಭಾರದ ಮೂರರಲ್ಲೊಂದು ಪಾಲಿಗೇ ಅದು ಕುಸಿದಿತ್ತು. ಗುರಲಿಂಗಪ್ಪನವರು ಓಣಿಗೆ ಬಂದು ಆ ತುಂಡನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದರು, ಕೊಟ್ಯಾಳರ ಕೈ ಹಿಡಿದುಕೊಂಡರು.

ಈ ಪರೀಕ್ಷೆಗಳ ಬಗ್ಗೆ ಬರೆದ ವರದಿಯ ಮೊದಲ ಪುಟದಲ್ಲೇ ಕೊಟ್ಯಾಳರು ತಮ್ಮ ತಪ್ಪನ್ನು ಬರೆದರು. ಅದನ್ನು ಎತ್ತಿ ತೋರಿದವರು ತಿಕೋಟಾದ ರಾಚವ್ವನವರೆಂದು ನಮೂದಿಸಿದರು. ಅಬ್ದುಲಗನಿಯವರಿಗೆ ಹೆಸರು ಬರೆಯಲು ಕಲಿಸಿ, ಸಹಲೇಖಕರೆಂದು ಅವರ ಸಹಿ ಹಾಕಿಸಿದರು. ಆ ಮೊದಲ ಪುಟ ತೆಗೆದರೆ ವರದಿಗೆ ಶೋಭೆ ಹೆಚ್ಚೀತೆಂದು ವಿದ್ಯಾಲಯದ ಹಿರಿಯರೊಬ್ಬರು ಸೂಚಿಸಿದರು. ಆ ಪುಟ ಬಿಟ್ಟು ಉಳಿದದ್ದನ್ನು ಬೇಕಾದರೆ ತೆಗೆಯಿರೆಂದು ಇವರು ನಕ್ಕರು. ಮುಂದಿನ ಮೂರು ವರ್ಷ ಒಳಗಿನಿಂದ ಕೊರೆದ ಬೆಂಡುಗಳ ಮೇಲೆ ಎಲ್ಲ ಪರೀಕ್ಷೆಗಳನ್ನೂ ಹೊಸದಾಗಿ ನಡೆಸಿದರು.

ಬೆಂಡನ್ನು ಮಡಿಸದೆ ಪಕ್ಕಕ್ಕೆ ತಿರುಚಿದರೆ ಅದು ಎಷ್ಟು ತಾಳೀತೆಂಬುದು ತಮಗಿನ್ನೂ ಗೊತ್ತಿಲ್ಲವೆಂದು, ಜೂನ್ ಒಂದರಿಂದ ಅದೇ ಕೆಲಸವೆಂದು ಕೊಟ್ಯಾಳರು ಈಗಾಗಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ಆ ಉತ್ತರ ಸಿಗುವಷ್ಟು, ಅದನ್ನೂ ತಪ್ಪೆಂದು ತೋರಿಸುವ ಇನ್ನೊಂದು ಪ್ರಶ್ನೆ ಎದುರಾಗುವಷ್ಟು, ಅದರ ಬೆನ್ನು ಹತ್ತಿ ಮತ್ತೆ ಮೊದಲಿನಿಂದ ತೊಡಗುವಷ್ಟು ಆಯುಷ್ಯವೂ ಆರೋಗ್ಯವೂ ಅವರಿಗಿರಲಿ.