ಮೊದಲು ಬಾಟಲಿ, ಆಮೇಲೆ ಮನುಷ್ಯ

ಮಗಳ ಕೆನ್ನೆಗೆ ನಾನು ಹೊಡೆದು ಒಂದು ವರ್ಷವಾಗಿತ್ತು. ಬ್ಯಾಂಕಿನ ಕೆಲಸ ಬಿಟ್ಟು, ಗೆಳತಿಯೊಬ್ಬಳ ಜೊತೆ ಸೇರಿ ಬಿಯರ್ ತಯಾರಿಸುತ್ತೇನೆ ಎಂದಿದ್ದಳು. ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಬಾರಿನಲ್ಲಿ ಮೂವತ್ತು ವರ್ಷ ವೇಟರನಾಗಿ ಬಿಯರ್ ಹೊತ್ತವನು ನಾನು. ನೀನು ಅದನ್ನು ಮುಟ್ಟಬಾರದೆಂದೇ ಓದಿಸಿದ್ದು ಎಂದು ಕೂಗಾಡಿದೆ. ಅವಳು "ಪಪ್ಪ, ಲಿಸನ್" ಎನ್ನುವಷ್ಟರಲ್ಲಿ ಕೈ ಬೀಸಿಯಾಗಿತ್ತು. ತುಟಿ ಒಡೆದು ರಕ್ತ ಅವಳ ಅಂಗಿಯ ಮೇಲೆ ಬಿತ್ತು. ಅಂದೇ ಆಂಟಾಪ್ ಹಿಲ್‌ನ ಮನೆ ಬಿಟ್ಟು ಹೋದಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವುದು ನಮ್ಮ ಬಿಲ್ಡಿಂಗಿಗೆಲ್ಲ ಗೊತ್ತು. ಸುಳ್ಳೇಕೆ ಹೇಳಲಿ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅವಳ ಮೊದಲ ಬಿಯರಿನ ಬಿಡುಗಡೆಗೆ ಕರೆ ಬಂದದ್ದು ಹೆಂಡತಿಯ ಫೋನಿಗೆ. ಪಪ್ಪನೂ ಬರಲಿ ಎಂದಿದ್ದಳಂತೆ. ಹೆಂಡತಿಗೆ ಮಂಡಿನೋವು, ಹೊರಟವನು ನಾನೊಬ್ಬನೇ. "ತಪ್ಪಾಯ್ತು ಅಂತ ಹೇಳಿಯೇ ಬನ್ನಿ ಮಾರಾಯ್ರೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರ್ತದಾ?" ಎಂದು ಬಾಗಿಲವರೆಗೂ ಹೇಳಿದಳು. ಬಾಂದ್ರಾ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋಗುವಾಗ ಆ ಒಂದು ಮಾತನ್ನು ಬಾಯಿಪಾಠ ಮಾಡಿದೆ. ಅಷ್ಟು ಸಣ್ಣ ಮಾತು ಒಮ್ಮೆಯೂ ಪೂರ್ತಿ ಹೊರಗೆ ಬರಲಿಲ್ಲ.

ಹಳೆಯ ಬಂಗಲೆಯೊಂದರಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಪಾರ್ಟಿ. ಗೋಡೆಯ ತುಂಬ ಹಳೆಯ ವಿಡಿಯೋ ಗೇಮಿನ ಚೌಕಚೌಕ ಚುಕ್ಕೆಗಳ ಭೂತಗಳ ಚಿತ್ರ. ನಾಲ್ಕು ಮೂಲೆಗಳಲ್ಲೂ, ನಾಣ್ಯ ಹಾಕಿ ಆಡುತ್ತಿದ್ದ ಕಾಲದ ಗೇಮ್ ಮಷಿನುಗಳು. ಗಡ್ಡ ನರೆತವರು ಕೂಡ ಮಷಿನಿನ ಹಿಡಿಕೆ ಎಳೆದೆಳೆದು, ಪರದೆಯ ಮೇಲೆ ಒಬ್ಬರ ದವಡೆ ಇನ್ನೊಬ್ಬರು ಮುರಿಯುತ್ತ, "ಮಾರ್, ಮಾರ್ ಸಾಲೇ ಕೋ!" ಎಂದು ಅರಚುತ್ತಿದ್ದರು. ಹೊಡೆತ ಬಿದ್ದಾಗೆಲ್ಲ ಕೆಂಪು ಚುಕ್ಕೆಗಳು ಸಿಡಿಯುತ್ತಿದ್ದವು.

ಮಗಳು ಬಂದು ಗ್ಲಾಸು ಕೈಗಿಟ್ಟಳು. "ಟೇಸ್ಟ್ ಮಾಡಿ. ಬೈಬೇಡಿ, ಹಾಂ?"

ಕಿರಾತಕಡ್ಡಿಯ ಕಷಾಯದಂತಿತ್ತು. "ಕಹಿ ಉಂಟು," ಎಂದೆ.

"ಕಹಿ ಇರ್ಬೇಕು ಪಪ್ಪ," ಎಂದು ನಕ್ಕಳು. ಆ ನಗು ನೋಡಿ ಇನ್ನೊಂದು ಗುಟುಕು ಕುಡಿದೆ. ಇನ್ನೇನು ಆ ಮಾತು ಹೇಳಬೇಕು, ಅಷ್ಟರಲ್ಲಿ ಯಾರೋ ಅವಳನ್ನು ಕರೆದರು. "ಏಕ್ ಮಿನಿಟ್" ಎಂದು ಓಡಿದಳು. ಮೈಕಿನಲ್ಲಿ ಇಂಗ್ಲಿಷಿನಲ್ಲಿ ಏನೋ ಕೂಗಿದರು. ಮಷಿನುಗಳ ಗದ್ದಲದಲ್ಲಿ ನನಗೆ ಒಂದಕ್ಷರವೂ ತಿಳಿಯಲಿಲ್ಲ.

ಹಿಂದೆ ಟೇಬಲ್ ಉರುಳಿದ ಸದ್ದು. ಹಣೆಗೆ ಕೆಂಪು ಪಟ್ಟಿ ಕಟ್ಟಿದ ಒಬ್ಬ ಇನ್ನೊಬ್ಬನ ಎದೆಗೆ ಒದ್ದ. ಬಿದ್ದವನ ಬಾಯಿಂದ ರಕ್ತ ಇಳಿಯಿತು. ಅವನು ಎದ್ದು ಬಾಟಲಿಯೊಂದರ ಕುತ್ತಿಗೆ ಹಿಡಿದು ಪಕ್ಕದ ಟೇಬಲಿನ ಅಂಚಿಗೆ ಬಡಿದ. ಒಡೆದ ಬಾಟಲಿ ಎತ್ತಿ ನುಗ್ಗಿದ. ಜನ ಫೋನು ಹಿಡಿದು ನಗುತ್ತಿದ್ದರು.

ನಮ್ಮ ಬಾರಿನಲ್ಲಿ ಒಂದು ನಿಯಮವಿತ್ತು: ಗಲಾಟೆಯಾದರೆ ಮೊದಲು ಬಾಟಲಿ ಹಿಡಿ, ಆಮೇಲೆ ಮನುಷ್ಯನನ್ನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮೊದಲು ಮನುಷ್ಯನನ್ನು ಹಿಡಿದೆ. ಅವನ ಕೈಯ ಬಾಟಲಿ ಜೊತೆಯ ವೇಟರನ ಕಣ್ಣಿಗೆ ಇಳಿಯಿತು. ಆ ಕಣ್ಣನ್ನು ಅಂಗೈಯಿಂದ ಮುಚ್ಚಿ ಆಸ್ಪತ್ರೆಗೆ ಓಡುವಾಗ ರಕ್ತ ನನ್ನ ಮೊಣಕೈವರೆಗೆ ಹರಿದಿತ್ತು. ಕಣ್ಣು ಉಳಿಯಲಿಲ್ಲ.

ಗ್ಲಾಸು ಎಸೆದು ಹಾರಿದೆ. ಬಾಟಲಿ ಹಿಡಿದ ಕೈಯ ಮಣಿಕಟ್ಟನ್ನು ಹಿಡಿದು ಟೇಬಲಿನ ಅಂಚಿಗೆ ಜಪ್ಪಿದೆ, ಇನ್ನೊಮ್ಮೆ ಜಪ್ಪಿದೆ. ಮೂರನೆಯದಕ್ಕೆ ಲಟಕ್ ಎಂದಿತು. ಬಾಟಲಿ ಬಿತ್ತು. ಆಮೇಲೆ ಮನುಷ್ಯ: ಮೊಣಕೈಯಿಂದ ಮೂಗಿಗೆ ಗುದ್ದಿದೆ. ಮೂಗು ಮುರಿದದ್ದು ನನ್ನ ಮೂಳೆಗೇ ತಿಳಿಯಿತು. ಅವನು ಕುಸಿದ. ಇಡೀ ಹಾಲ್ ಚಪ್ಪಾಳೆ ತಟ್ಟಿತು. "ಅಂಕಲ್, ಒನ್ಸ್ ಮೋರ್!" ಎಂದು ಯಾರೋ ಸಿಳ್ಳೆ ಹೊಡೆದರು. ನನಗೆ ಖುಷಿಯಾಗಿತ್ತು. ಮಗಳ ಪಾರ್ಟಿ ಉಳಿಸಿದೆ ಎಂದುಕೊಂಡೆ.

ಕೆಂಪು ಪಟ್ಟಿಯವನು ನನ್ನನ್ನು ನೂಕಿದ. "ಪಾಗಲ್ ಹೋ ಕ್ಯಾ? ಹಮ್ ಆ್ಯಕ್ಟರ್ ಹೈ!"

ನನ್ನ ಚಪ್ಪಲಿಯಡಿ ಬಾಟಲಿ ಪುಡಿಯಾಯಿತು. ಅದು ಗಾಜಲ್ಲ, ಸಕ್ಕರೆಯದು; ಮೈಕಿನಲ್ಲಿ ಕೂಗಿದ್ದು ಈ ನಾಟಕದ ಹೊಡೆದಾಟವನ್ನೇ. ಬಿದ್ದಿದ್ದವನ ಬಾಯಿಯ ರಕ್ತ ಬಣ್ಣದ ಪಾಕ. ಮೂಗಿನಿಂದ ಸುರಿಯುತ್ತಿದ್ದದ್ದು ಮಾತ್ರ ನಿಜವಾದ ರಕ್ತ. ಮಣಿಕಟ್ಟು ಸೊಟ್ಟಗೆ ಜೋತಾಡುತ್ತಿತ್ತು. ಚಪ್ಪಾಳೆ ನಿಂತಿತು.

ಮಗಳು ಏಪ್ರನ್ನಿನಲ್ಲಿ ಐಸು ತಂದು ಅವನ ಪಕ್ಕ ಕುಳಿತಳು. ನಾನೂ ಮೊಣಕಾಲೂರಿ ಕೈ ಮುಗಿದೆ. "ಮಾಫ್ ಕರೋ ಭಾಯಿ. ಮೇರೀ ಗಲತಿ. ಮಾಫ್ ಕರೋ." ಒಂದೂ ತಡವರಿಸದೆ ಬಂತು.

"ಅವನಿಗೆ ತಪ್ಪಾಯ್ತು ಹೇಳ್ಲಿಕ್ಕೆ ಒಂದು ಮಿನಿಟ್ ಕೂಡ ಬೇಕಾಗ್ಲಿಲ್ಲ, ಪಪ್ಪ," ಎಂದಳು, ತಲೆಯೆತ್ತದೆ.

ನನಗೆ ಅಳು ಬಂತು. ಅವಳ ತಲೆ ಸವರೋಣವೆಂದು ಕೈ ಎತ್ತಿದೆ. ಅವಳು ಥಟ್ಟನೆ ಹಿಂದೆ ಸರಿದು, ಮೊಣಕೈಯಿಂದ ಮುಖ ಮುಚ್ಚಿಕೊಂಡಳು.