ಅತ್ತಿಗೆಗೆ ಬಾರದ ಜ್ವರ

2022, ಜನವರಿ 11, ಮಂಗಳವಾರ, ಬೆಳಗಿನ ಜಾವ 5.40. ನೀರು ನುಂಗಿದಾಗ ಗಂಟಲಿನ ಎಡಗಡೆ ಚುಚ್ಚಿತು. ಇನ್ನೊಂದು ಗುಟುಕು ಕುಡಿದು ನೋಡಿದೆ. ಮತ್ತೆ ಚುಚ್ಚಿತು. 5.55ಕ್ಕೆ ಥರ್ಮಾಮೀಟರ್ ಇಟ್ಟೆ: 99.8. ಕಾಲು ಗಂಟೆ ಬಿಟ್ಟು ಮತ್ತೆ ಇಟ್ಟೆ: 100.4.

ಅಂದು ಅವ್ವನ ಡಯಾಲಿಸಿಸ್ ದಿನ.

ನಮ್ಮದು ಗುಂಡ್ಲುಪೇಟೆ ತಾಲ್ಲೂಕು, ಬೇಗೂರಿನ ಪಕ್ಕದ ಹಳ್ಳಿ. ಅವ್ವನ ಎರಡೂ ಕಿಡ್ನಿ ಕೈಕೊಟ್ಟಿವೆ. ಪ್ರತಿ ಮಂಗಳವಾರ, ಶುಕ್ರವಾರ ಚಾಮರಾಜನಗರಕ್ಕೆ ಹೋಗಿ ನಾಲ್ಕು ಗಂಟೆ ಮಷೀನಿಗೆ ಹಾಕಿಸಬೇಕು. ಕರೆದುಕೊಂಡು ಹೋಗುತ್ತಿದ್ದವಳು ನಾನು. ಅಂದಿಗೆ 191 ಸಲ ಆಗಿತ್ತು. ಲಾಕ್‌ಡೌನಿನಲ್ಲೂ ಒಂದು ದಿನ ತಪ್ಪಿಸಿರಲಿಲ್ಲ. ಹೋಗುವಾಗಿನ ತೂಕ, ಬರುವಾಗಿನ ತೂಕ, ಬಿಪಿ, ದಿನಕ್ಕೆ ಎಷ್ಟು ಲೋಟ ನೀರು, ಎಲ್ಲಾ ನನ್ನ ಡೈರಿಯಲ್ಲಿದೆ.

ಬಾಗಿಲ ಆಚೆ ನಿಂತೇ ಅತ್ತಿಗೆಯನ್ನು ಕೂಗಿದೆ. ಅತ್ತಿಗೆ ಅಂದರೆ ಅಣ್ಣನ ಹೆಂಡತಿ ಮಾದೇವಿ, ನಮ್ಮ ತಾಲ್ಲೂಕಿನದೇ ಮದ್ದೂರು ಕಡೆಯ ಕಾಡಂಚಿನ ಊರಿನವಳು. ನನಗೆ ಜ್ವರ ಅಂದೆ. ಅವಳು ತಲೆ ಬಾಚಿಕೊಂಡು, ಮಾಸ್ಕ್ ಹಾಕಿಕೊಂಡು, ಅವ್ವನ ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟಳು.

192ನೇ ಸಲ ಅವ್ವನ ಜೊತೆ ಹೋದದ್ದು ಅವಳು.

ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ ಟೆಸ್ಟ್ ಮಾಡಿಸಿದೆ. ಪಾಸಿಟಿವ್. ನನಗಿಂತ ಮೊದಲು ನೆನಪಾದದ್ದು ಅವ್ವ. ಹಿಂದಿನ ಸಂಜೆ ಅವಳ ಕಾಲು ಒತ್ತಿದ್ದೆ. ಡಯಾಲಿಸಿಸ್‌ನವರಿಗೆ ಲಸಿಕೆ ಬೇರೆಯವರಿಗೆ ಹಿಡಿದಷ್ಟು ಹಿಡಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮೂರನೇ ಡೋಸ್ ಆಗಷ್ಟೇ ಶುರುವಾಗಿತ್ತು, ಅದೂ ಅರವತ್ತು ದಾಟಿದವರಿಗೆ. ಅವ್ವನಿಗೆ ಐವತ್ನಾಲ್ಕು, ಆಗಿರುವುದು ಎರಡೇ ಡೋಸ್.

ರಾಗಿ ಮೂಟೆ ಇಡುವ ಕೋಣೆಯಲ್ಲಿ ನನ್ನ ವಾಸ. ಹತ್ತು ದಿನ. ಏಳು ಸಾಕು ಎಂದಿದ್ದರು, ನಾನೇ ಮೂರು ಸೇರಿಸಿಕೊಂಡೆ. ಮೊದಲ ಮೂರು ದಿನ ಸೊಂಟ ಮುರಿದ ಹಾಗೆ ನೋವು. 12ರಂದು ಜ್ವರ 102.6, ಅದೇ ಹೆಚ್ಚು. ಆಕ್ಸಿಜನ್ 96ರ ಕೆಳಗೆ ಇಳಿಯಲಿಲ್ಲ. ಐದನೇ ದಿನಕ್ಕೆ ಜ್ವರ ಬಿಟ್ಟಿತು, ಕೆಮ್ಮು ಉಳಿಯಿತು.

ಮೈ ನೋವಿಗಿಂತ ನನ್ನನ್ನು ಹೆಚ್ಚು ತಿಂದದ್ದು ಬೇರೆ.

ನಾನು ಮೊದಲ ಡೋಸ್ ತೆಗೆದುಕೊಂಡದ್ದು ಜುಲೈ 2. ಎರಡನೆಯದು ಸೆಪ್ಟೆಂಬರ್ 25, ಸರಿಯಾಗಿ ಎಂಬತ್ತೈದನೇ ದಿನ. ಕ್ಯಾಂಪಿನ ಸಾಲಿನಲ್ಲಿ ಮೊದಲು ನಿಂತವಳು ನಾನು. ಅತ್ತಿಗೆ ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದು ಆಗಸ್ಟ್ 28ಕ್ಕೆ ಮೊದಲನೆಯದು, ನವೆಂಬರ್ 27ಕ್ಕೆ ಎರಡನೆಯದು ಹಾಕಿಸಿಕೊಂಡಳು. ‘ಸೂಜಿಗೆ ಹೆದರಿದಳು’ ಎಂದು ಡೈರಿಯಲ್ಲಿ ಬರೆದಿದ್ದೆ. ಮಾಸ್ಕ್ ಮರೆಯುವವಳು ಅವಳು. ಸಂತೆಗೆ ಹೋಗುವವಳು ಅವಳು. ನನ್ನ ತಟ್ಟೆ ಎತ್ತಿದವಳು, ನನ್ನ ಬಟ್ಟೆ ಒಗೆದವಳೂ ಅವಳೇ. ಡಯಾಲಿಸಿಸ್‌ಗೆ ಒಳಗೆ ಬಿಡುವ ಮುಂಚೆ ಅವ್ವನ ಮೂಗಿಗೂ ಅವಳ ಮೂಗಿಗೂ ಕಡ್ಡಿ ಹಾಕುತ್ತಿದ್ದರು. ಜನವರಿ 14: ಇಬ್ಬರೂ ನೆಗೆಟಿವ್. 18: ಇಬ್ಬರೂ ನೆಗೆಟಿವ್.

ಅವ್ವನದು ನೆಗೆಟಿವ್ ಎಂದಾಗ ಮೂಟೆಗೆ ಒರಗಿ ಅತ್ತುಬಿಟ್ಟೆ. ಅತ್ತಿಗೆಯದೂ ನೆಗೆಟಿವ್ ಎಂದಾಗ ಡೈರಿ ತೆಗೆದು ನನ್ನ ಡೋಸಿನ ತಾರೀಕುಗಳ ಪಕ್ಕ ಅವಳವನ್ನು ಬರೆದೆ.

ಅವರಿಬ್ಬರೂ ನಗುತ್ತಾ ಮನೆಗೆ ಬರುತ್ತಿದ್ದರು. ನನ್ನ ಜೊತೆ ಬರುವಾಗ ಅವ್ವ ನಕ್ಕದ್ದು ನೆನಪಿಲ್ಲ. ಕಿಟಕಿಯಿಂದಲೇ ಕೇಳಿದೆ, "ಅವ್ವಾ, ತೂಕ ಎಷ್ಟು ಬಂತು?"

"ಅದೇನೋ ಬರ್ಕೊಟ್ರು ಕಣಮ್ಮಿ. ಮಾದೇವಿ ಜೊತೆ ಓದ್ರೆ ಟೇಮೇ ಗೊತ್ತಾಗಕಿಲ್ಲ. ನೀನಾದ್ರೆ ನೀರ್ ಕುಡಿದ್ರೂ ಲೆಕ್ಕ, ಕೆಮ್ಮುದ್ರೂ ಲೆಕ್ಕ."

ಅತ್ತಿಗೆ ಗದರಿದಳು. "ಸುಮ್ಕಿರತ್ತೆ, ಎಣ್ಮಗ ಮೊದ್ಲೇ ಸುಸ್ತಾಗದೆ."

ಅವಳು ನನ್ನ ಪರ ಮಾತಾಡಿದ್ದು ಇನ್ನೂ ಉರಿಸಿತು. ಆ ಸಂಜೆ, ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ, ಅತ್ತಿಗೆಗೂ ಜ್ವರ ಬರಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ಒಂದೇ ಸಲ, ನೂರು ಡಿಗ್ರಿ ಬಂದರೆ ಸಾಕು. ಆಮೇಲೆ ಹೊಳೆಯಿತು: ಅವಳ ಮೂಗಿಗೆ ಬಂದದ್ದು ಅವ್ವನ ಮೂಗಿಗೂ ಹೋಗುತ್ತದೆ.

ಹಾರೈಕೆ ವಾಪಸ್ ತೆಗೆದುಕೊಂಡೆ. ಆದರೂ ಅಸೂಯೆ ಹೋಗಲಿಲ್ಲ.

ಜನವರಿ 20, ಹತ್ತನೇ ದಿನ. ಅತ್ತಿಗೆ ಕಿಟಕಿಯಲ್ಲಿ ಗಂಜಿ ಇಟ್ಟಳು. ನಾನು ನೆಟ್ಟಗೆ ಕೇಳಿದೆ, "ಅತ್ಗೆ, ನಿಂಗ್ಯಾಕೆ ಬರಲ್ಲ ಇದು? ಏನ್ ಮೇಲಿಂದ ಬಂದವಳಾ ನೀನು?"

ಅವಳು ಗಂಜಿಯನ್ನು ನನ್ನ ಕಡೆ ಸರಿಸಿದಳು.

"ನಂಗೆ ಓದ್ವರ್ಸವೇ ಬಂದು ಓಯ್ತು ಕಣಮ್ಮಿ, ಮೇ ತಿಂಗ್ಳಲ್ಲಿ."

ಹಿಂದಿನ ವರ್ಷದ ಮೇ ತಿಂಗಳಿನ ಡೈರಿ ಮೂಟೆಯ ಪಕ್ಕದಲ್ಲೇ ಇತ್ತು. ತೆಗೆದೆ. ‘ಅತ್ತಿಗೆ ತವರಿಗೆ. ಬಾಳೆ ಕಾಯಬೇಕಂತೆ. ಇಲ್ಲಿ ಅವ್ವನನ್ನು ನೋಡುವವಳು ನಾನೊಬ್ಬಳೇ.’ ಕೆಳಗೆ ಕೆಂಪು ಪೆನ್ನಿನಲ್ಲಿ: ‘ಒಟ್ಟು 17 ದಿನ.’

"ಯಾರ್ಗೂ ಏಳ್ಬೇಡ ಅಂದಿದ್ದೆ ನಿಮ್ಮಣ್ಣುಂಗೆ," ಅಂದಳು. "ಆಸ್ಪತ್ರೆ ಆಶಾ ಅಕ್ಕ ಎಸ್ರು ಬರ್ಕೊಂಡು ಓದ್ರೆ ಮನೆ ಮುಂದೆ ಯಾರೂ ಬರ್ದಂಗೆ ಪಟ್ಟಿ ಕಟ್ಬುಡೋರು. ಆಮೇಕೆ ನಿಮ್ಮವ್ವುನ್ನ ಯಾವ ಆಟೋದವನು ಅತ್ತುಸ್ಕತಿದ್ದ? ಅದ್ಕೇ ಓಗ್ಬುಟ್ಟೆ. ನಮ್ಮಪ್ಪನ ತೋಟದ ಅಟ್ಟಣೆ ಮ್ಯಾಲೆ ಮನಗಿದ್ದೆ. ಆನೆ ಬಂದ್ರೂ ಇಳಿಯಕ್ಕೆ ಕಾಲಲ್ಲಿ ಸಕ್ತಿ ಇರ್ಲಿಲ್ಲ. ಹಣ್ ಬಾಳೆ ಮೂಗಿಗಿಟ್ಕಂಡ್ರೂ ವಾಸ್ನೆ ಇಲ್ಲ."

"ಮತ್ತೆ ಸೂಜಿ ಯಾಕೆ ಮುಂದಕ್ಕೆ ತಳ್ಳಿದ್ದು?"

"ಜ್ವರ ಬಂದೋರು ಮೂರ್ ತಿಂಗ್ಳು ಬುಟ್ಟು ಆಕುಸ್ಕಬೇಕು ಅಂತ ಟಿವಿಲಿ ಏಳಿದ್ರಲ್ಲ."

ಮೇನಿಂದ ಆಗಸ್ಟ್. ಮೂರು ತಿಂಗಳು. ನನ್ನ ಲೆಕ್ಕಕ್ಕೆ ಅದು ಸಿಕ್ಕಿರಲಿಲ್ಲ.

ಜನವರಿ 22ಕ್ಕೆ ಆರೋಗ್ಯ ಕೇಂದ್ರದ ಡಾಕ್ಟರ ಮುಂದೆ ಎರಡು ಕಾಲಂ ಹಾಕಿದ ಹಾಳೆ ಇಟ್ಟೆ. ಒಂದರಲ್ಲಿ ನಾನು, ಒಂದರಲ್ಲಿ ಅತ್ತಿಗೆ. ಅವರು ನಕ್ಕರು, ಆದರೆ ಪೂರ್ತಿ ಓದಿದರು.

"ಲಸಿಕೆ ಕೊಟ್ಟ ಆಂಟಿಬಾಡಿ ಕೆಲವು ತಿಂಗಳಲ್ಲಿ ಇಳಿಯುತ್ತೆ. ವೈರಸ್ಸೂ ವೇಷ ಬದಲಿಸಿದೆ. ಹಾಗಾಗಿ ನಿಮಗೆ ಸೋಂಕು ತಗುಲಿತು. ಆದರೆ ರೋಗವನ್ನು ನೆನಪಿಟ್ಟುಕೊಳ್ಳುವ ಜೀವಕೋಶಗಳು ಅಷ್ಟು ಬೇಗ ಮರೆಯಲ್ಲ. ನೀವು ಆಸ್ಪತ್ರೆ ಸೇರದೆ ಉಳಿಯಲು ಬಹುಶಃ ಅವೇ ಕಾರಣ."

"ಅತ್ತಿಗೆ?"

"ಅವರಿಗೆ ಸೋಂಕು, ಮೇಲೆ ಎರಡು ಡೋಸ್. ಎರಡೂ ಸೇರಿದರೆ ರಕ್ಷಣೆ ಹೆಚ್ಚಿರುತ್ತೆ. ಅವರ ಎರಡನೇ ಡೋಸ್ ನಿಮ್ಮದಕ್ಕಿಂತ ಹೊಸದು ಬೇರೆ. ಯಾವುದು ಎಷ್ಟು ಕಾಪಾಡಿತು ಅಂತ ಒಬ್ಬರನ್ನು ನೋಡಿ ಹೇಳಕ್ಕಾಗಲ್ಲ. ಅವರಿಗೆ ಮುಂದೆ ಬರೋದೇ ಇಲ್ಲ ಅಂತಾನೂ ಅಲ್ಲ. ಅವರ ಮೇ ತಿಂಗಳದ್ದು ಟೆಸ್ಟೂ ಆಗಿಲ್ಲವಲ್ಲ." ಹಾಳೆ ವಾಪಸ್ ಕೊಟ್ಟು ಮತ್ತೊಂದು ಮಾತು ಹೇಳಿದರು. "ಆ ಮೊದಲ ಸೋಂಕು ಲಸಿಕೆ ಇಲ್ಲದೆ ಬಂದದ್ದು. ಅಟ್ಟಣೆ ಮೇಲೆ ಉಸಿರು ಕಟ್ಟಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅದರ ಮೇಲೆ ಹೊಟ್ಟೆಕಿಚ್ಚು ಪಡಬೇಡಿ."

ಹೊಟ್ಟೆಕಿಚ್ಚು ಎಂದು ನಾನು ಹೇಳಿರಲಿಲ್ಲ. ಹಾಳೆ ನೋಡಿಯೇ ತಿಳಿದುಕೊಂಡರು.

ನನ್ನ ಅಸೂಯೆ ಬತ್ತಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಜಾಗ ಬದಲಿಸಿತು. ಮೊದಲು ಅವಳ ರಕ್ತದ ಮೇಲಿತ್ತು. ಈಗ ಆ ಹದಿನೇಳು ದಿನದ ಮೇಲಿದೆ. ಅವ್ವನಿಗಾಗಿ ಯಾರು ಏನು ಮಾಡಿದರು ಎಂಬ ಪಟ್ಟಿಯಲ್ಲಿ ನಾನೇ ಮೇಲೆ ಎಂದುಕೊಂಡಿದ್ದೆ. ನನ್ನ 191ರ ಪಕ್ಕ ಅವಳ 17 ಇಟ್ಟು ನೋಡುತ್ತೇನೆ, ಯಾವುದು ದೊಡ್ಡದು ಎಂದು ಹೇಳಲಾಗುವುದಿಲ್ಲ. ಅವಳು ಮುಚ್ಚಿಟ್ಟದ್ದು ತಪ್ಪು, ಅದನ್ನೂ ಅವಳಿಗೆ ಹೇಳಿದ್ದೇನೆ. "ಉಂ, ತಪ್ಪೇಯ," ಅಂದು ಸೊಪ್ಪು ಬಿಡಿಸುತ್ತಾ ಕೂತಳು.

ಫೆಬ್ರವರಿಯಿಂದ ಅವ್ವನೇ ಹಂಚಿದ್ದಾಳೆ. ಮಂಗಳವಾರ ಅತ್ತಿಗೆ, ಶುಕ್ರವಾರ ನಾನು. ಮಂಗಳವಾರ ಅವರು ಬಸ್ಸಿಗೆ ಹೋದ ಮೇಲೆ ಮನೆಯಲ್ಲಿ ನಿಲ್ಲಲಾಗುವುದಿಲ್ಲ, ಹಿತ್ತಲಿಗೆ ಹೋಗುತ್ತೇನೆ. ಆದರೆ ಇಂದು, ಮಾರ್ಚ್ 6ರವರೆಗೆ, ಅವ್ವನಿಗೆ ಸೋಂಕು ತಗುಲಿಲ್ಲ. ಅದು ನನ್ನ ಎಚ್ಚರದಿಂದಲೋ, ಅತ್ತಿಗೆಯ ಮೈಯಿಂದಲೋ, ಅವ್ವನ ಅದೃಷ್ಟದಿಂದಲೋ ತಿಳಿಯದು. ಮೂರಕ್ಕೂ ಋಣಿ.

ಇದನ್ನು ಓದುವವರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಅವರನ್ನು ನೋಡಿಕೊಳ್ಳುವವರು, ಈ ವಿಷಯವನ್ನೇ ಕಲಿತ ವೈದ್ಯರು ಇದ್ದರೆ ಈ ಪತ್ರಿಕೆಗೆ ಬರೆದು ತಿಳಿಸಿ. ಎರಡು ಡೋಸ್ ಇಂಥವರ ಮೈಯಲ್ಲಿ ಎಷ್ಟು ಕಾಲ ನಿಲ್ಲುತ್ತದೆ? ಅರವತ್ತು ತುಂಬದವರಿಗೆ ಮೂರನೆಯದು ಎಲ್ಲಿ, ಹೇಗೆ ಸಿಗುತ್ತದೆ? ಅತ್ತಿಗೆ ಪಟ್ಟ ಪಾಡು ಪಡದೆ, ಅತ್ತಿಗೆಗೆ ಸಿಕ್ಕಷ್ಟು ಬಲ ಅವ್ವನಿಗೂ ಸಿಗುವ ದಾರಿ ಯಾರಿಗಾದರೂ ಗೊತ್ತಿದೆಯೇ?