ಜಗಲಿಯ ಮೂರು ಕಡಸಲುಗಳು

ಹೈಸ್ಕೂಲು ಮುಗಿಸಿ ಚನ್ನಪಟ್ಟಣದ ಮುನಿಸಿಪಾಲಿಟಿಯಲ್ಲಿ ಗುಮಾಸ್ತನಾದ ಮೊದಲ ವರ್ಷ, ಬೀದಿ ಬೀದಿ ಸುತ್ತಿ ಮನೆ ಕಂದಾಯದ ಪಟ್ಟಿ ಬರೆಯುವ ಕೆಲಸ ನನ್ನದಾಗಿತ್ತು. ಗೊಂಬೆ ಮಾಡುವ ಸಾಬರೊಬ್ಬರ ಜಗಲಿಯಲ್ಲಿ ಮರವನ್ನು ತಿರುಗಿಸಿ ಕಡೆಯುವ ಮೂರು ಕಡಸಲುಗಳಿದ್ದವು. ಮೂವರು ಬಿಲ್ಲು ಎಳೆಯುತ್ತ ಹಾಲೆಮರ ಕಡೆಯುತ್ತಿದ್ದರು. ಯಾರನ್ನೂ ಕೇಳದೆ ‘ಬಾಡಿಗೆಗೆ ಕೊಟ್ಟ ಜಾಗ, ಮೂರು ಅಂಗಡಿ’ ಎಂದು ಬರೆದುಕೊಂಡು ಹೊರಟೆ.

ಸಾಬರ ಅಣ್ಣ ತೀರಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಅತ್ತಿಗೆ ಇದ್ದತ್ತಿನಲ್ಲಿ ಕೂತಿದ್ದರಂತೆ. ಗಂಡ ಸತ್ತ ಮೇಲಿನ ಆ ನಾಲ್ಕು ತಿಂಗಳು ಹತ್ತು ದಿನ ಪರಗಂಡಸರು ಮನೆಗೆ ಬರಬಾರದೆಂದು, ಅಣ್ಣನ ಮನೆಯಲ್ಲಿ ಗೊಂಬೆ ಕಡೆಯುತ್ತಿದ್ದ ಇಬ್ಬರನ್ನು ಕಡಸಲು ಸಮೇತ ಸಾಬರು ತಮ್ಮ ಜಗಲಿಗೆ ಕರೆದುಕೊಂಡಿದ್ದರು. ಬಾಡಿಗೆಯ ಮಾತೇ ಇರಲಿಲ್ಲ. ನೋಟೀಸು ಬರುವ ಹೊತ್ತಿಗೆ ಆ ಇಬ್ಬರು ವಾಪಸು ಹೋಗಿ ಜಗಲಿಯಲ್ಲಿ ಸಾಬರ ಕಡಸಲೊಂದೇ ಉಳಿದಿತ್ತು. ಕಂದಾಯ ಮಾತ್ರ ಮೂರು ಪಟ್ಟು.

ಕಚೇರಿಗೆ ಕೊಟ್ಟ ತಕರಾರು ಬಿದ್ದುಹೋಯಿತು. ಇನ್ನು ಉಳಿದದ್ದು ಕೋರ್ಟು. ಬರೆಸಿದ ಅರ್ಜಿ ಹಿಡಿದು ಸಾಬರು ನನ್ನ ಮನೆಗೇ ಬಂದು ಎಲ್ಲವನ್ನೂ ಹೇಳಿದರು.

“ಮೂರಂಗ್ಡಿ ಸಾವ್ಕಾರ ಬಂದ ಅಂತ ಬೀದಿಯೆಲ್ಲಾ ನಗ್ತಾವ್ರೆ ಸ್ವಾಮಿ,” ಎಂದು ತಾವೂ ನಕ್ಕರು. “ವಕೀಲ್ರು ಗೆಲ್ತೀರ ಅಂತಾರೆ. ನೀವು ಓದಿರೋರು. ಹಾಕ್ಲಾ, ಬ್ಯಾಡ್ವಾ?”

ಹಾಕಿದ್ದರೆ ಗೆಲ್ಲುತ್ತಿದ್ದರು. ಆದರೆ ಕೇಳದೆ ಬರೆದೆನೆಂದು ನಾನು ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಗುತ್ತಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಹಾಕ್ಬೋದು ಸಾಬ್ರೇ. ಆದ್ರೆ ಇದ್ದತ್ತಿನ ಮಾತು ಬಂದ್ಮೇಲೆ ನಿಮ್ಮತ್ಗೇನ ಸಾಕ್ಷಿಗೆ ಕರೀತಾರೆ.”

“ಭಾಬೀನಾ? ಕೋರ್ಟಿಗಾ?”

“ಎಲ್ರ ಮುಂದೆ ನಿಲ್ಸಿ ಕೇಳ್ತಾರೆ.”

ಆ ಇಬ್ಬರು ಕೆಲಸಗಾರರ ಸಾಕ್ಷಿಯೇ ಸಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಬರು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

“ಮೂರಲ್ಲ, ಆರು ಪಟ್ಟು ಹಾಕ್ಲಿ. ನಮ್ಮನೆ ಹೆಣ್ಮಗಳು ಅಲ್ಲಿಗೆ ಹೋಗೋದು ಬ್ಯಾಡ. ಒಳ್ಳೆ ಹೊತ್ತಿಗೆ ಹೇಳುದ್ರಿ ಸ್ವಾಮಿ, ಮರ್ವಾದೆ ಉಳುಸ್ಬುಟ್ರಿ.”

ಎರಡು ಕೈ ಎತ್ತಿ ಮುಗಿದರು. ನಾನೂ ಮುಗಿದೆ.

ಕಂದಾಯ ಕಟ್ಟಲು ಸಾಬರು ಆ ಜಗಲಿಯನ್ನು ನಿಜವಾಗಿಯೂ ಹೊರಗಿನವರಿಗೆ ಬಾಡಿಗೆಗೆ ಕೊಟ್ಟರು. ಮುಂದಿನ ಪಟ್ಟಿ ಬರೆಯಲು ಹೋದಾಗ ಸಾಬರ ಸ್ವಂತ ಕಡಸಲು ಅಡುಗೆಮನೆಯ ಒಲೆ ಪಕ್ಕಕ್ಕೆ ಹೋಗಿತ್ತು. ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದು, ನನಗೆ ಕೂರಲು ಮಣೆ ಹಾಕಿದರು. ಇವತ್ತು ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಜಗಲೀಲಿ ಎಷ್ಟು ಜನ ಇದ್ದಾರೆ?” ಎಂದು ಕೇಳಿ, ಬರೆದುಕೊಂಡು ಬಂದೆ.